ಹಳೆಯ ನೋವು, ಹೊಸ ಮತ

ಕೇಳುಗರಿಗೆ ನಮಸ್ಕಾರ.

ಇತಿಹಾಸವನ್ನು ಮುಂದಿಟ್ಟುಕೊಂಡು ಯಾವ ನಾಯಕ ಗೆದ್ದರೂ ಒಂದು ಮಾತು ಕೇಳಿಬರುತ್ತದೆ, 'ಜನ ಸುಳ್ಳಿಗೆ ಮರುಳಾದರು' ಅಂತ. ಈ ಮಾತು ಕೇಳಿದರೆ ನನಗೆ ತಾಳ್ಮೆ ತಪ್ಪುತ್ತದೆ. ಬರೀ ಸುಳ್ಳಿನಿಂದ ಅಷ್ಟು ವರ್ಷ ಗದ್ದುಗೆ ಉಳಿಯುವುದಿಲ್ಲ. ಅವರು ಕೈ ಹಾಕುವುದು ನಿಜವಾದ ನೋವಿಗೇ. ಯಾವ ನೋವನ್ನು ನೆನಪಿಸಬೇಕು, ಯಾವುದನ್ನು ಮರೆಸಬೇಕು ಅನ್ನುವುದನ್ನು ಮಾತ್ರ ಅವರೇ ತೀರ್ಮಾನಿಸುತ್ತಾರೆ.

ಹಂಗೆರಿಯ ಕಥೆ ಕೇಳಿ. 1956ರಲ್ಲಿ ಸೋವಿಯತ್ ಹಿಡಿತದ ವಿರುದ್ಧ ಜನ ದಂಗೆ ಎದ್ದಾಗ, ಅವರ ಪರ ನಿಂತ ಇಮ್ರೆ ನಾಜ್ ಅಲ್ಲಿನ ಪ್ರಧಾನಿ. ಸೋವಿಯತ್ ಟ್ಯಾಂಕುಗಳು ದಂಗೆಯನ್ನು ತುಳಿದವು. 1958ರ ಜೂನ್ 16ರಂದು ನಾಜ್ ಅವರನ್ನು ಗಲ್ಲಿಗೇರಿಸಿದರು. ಬುಡಾಪೆಸ್ಟಿನ ಸ್ಮಶಾನದ ಮೂಲೆಯಲ್ಲಿ, ಗುರುತಿನ ಕಲ್ಲೂ ಇಲ್ಲದೆ, ಮುಖ ಕೆಳಗೆ ಮಾಡಿ ಹೂಳಿದರು. 1989ರಲ್ಲಿ, ಅದೇ ಜೂನ್ 16ರಂದು, ಅವರಿಗೆ ಗೌರವದ ಅಂತ್ಯಸಂಸ್ಕಾರ ಆಯಿತು. ವೀರರ ಚೌಕದಲ್ಲಿ ಆರು ಶವಪೆಟ್ಟಿಗೆ ಇಟ್ಟಿದ್ದರು. ಐದು ನಾಜ್ ಮತ್ತು ಅವರ ನಾಲ್ವರು ಸಂಗಾತಿಗಳದು. ಆರನೆಯದು ಖಾಲಿ. ಅದು ಹೆಸರಿಲ್ಲದೆ ಸತ್ತ ಹೋರಾಟಗಾರರಿಗೆ. ಆ ಪೆಟ್ಟಿಗೆಗಳ ಎದುರು 26ರ ಹುಡುಗನೊಬ್ಬ ಮೈಕ್ ಹಿಡಿದು, ಸೋವಿಯತ್ ಸೈನ್ಯ ಹೊರಡಲಿ ಅಂದ. ಟಿವಿಯಲ್ಲಿ ಇಡೀ ದೇಶ ನೋಡಿತು. ಆತನೇ ವಿಕ್ಟರ್ ಒರ್ಬಾನ್.

ಒರ್ಬಾನ್ ಮುಂದೆ ಪ್ರಧಾನಿಯಾದರು, ಸೋತರು, 2010ರಲ್ಲಿ ಮೂರನೇ ಎರಡು ಬಹುಮತದೊಡನೆ ಮರಳಿದರು. ಸಂಸತ್ತಿನ ಹತ್ತಿರ ನಾಜ್ ಅವರ ಕಂಚಿನ ಪ್ರತಿಮೆ ಇತ್ತು. ಚಿಕ್ಕ ಸೇತುವೆಯ ಮೇಲೆ ನಿಂತು ಸಂಸತ್ತಿನ ಕಡೆ ನೋಡುತ್ತಿರುವಂತೆ ಮಾಡಿದ್ದರು. 2018ರ ಡಿಸೆಂಬರ್ 28ರ ನಸುಕಿನಲ್ಲಿ ಅದನ್ನು ಎತ್ತಿ ಬೇರೆ ಕಡೆ ಸಾಗಿಸಿದರು. ಆ ಜಾಗಕ್ಕೆ ಬಂದದ್ದು 1919ರ ಕಮ್ಯುನಿಸ್ಟ್ ಆಡಳಿತಕ್ಕೆ ಬಲಿಯಾದವರ ಸ್ಮಾರಕ. ಅವರ ಸಾವೂ ನಿಜವೇ, ಅಲ್ವಾ? ಆದರೆ ನಾಜ್ ಸ್ವತಃ ಕಮ್ಯುನಿಸ್ಟರು. ಹೊಸ ಕಥೆಯಲ್ಲಿ ಅವರಿಗೆ ಜಾಗ ಇರಲಿಲ್ಲ. ಯಾರ ಶವಪೆಟ್ಟಿಗೆಯ ಎದುರು ನಿಂತು ಒರ್ಬಾನ್ ಹೆಸರು ಮಾಡಿದರೋ, ಅವರ ಪ್ರತಿಮೆಯೇ ಅಡ್ಡ ಬಂತು!

ಮೊದಲ ಮಹಾಯುದ್ಧದಲ್ಲಿ ಸೋತ ಹಂಗೆರಿಯ ಮೇಲೆ ಹೇರಿದ ಟ್ರಿಯಾನನ್ ಒಪ್ಪಂದದ ವಿಷಯ ಬೇಗ ಹೇಳಿಬಿಡುತ್ತೇನೆ. 1920ರ ಆ ಒಪ್ಪಂದದಿಂದ ಹಂಗೆರಿ ಮೂರನೇ ಎರಡು ಭಾಗ ನೆಲ ಕಳೆದುಕೊಂಡಿತು. ಲಕ್ಷಾಂತರ ಹಂಗೆರಿಯನ್ನರು ಗಡಿಯಾಚೆ ಉಳಿದರು. ಇದೂ ನಿಜವಾದ ನೋವು. 2010ರಲ್ಲಿ ಒರ್ಬಾನ್ ಅವರ ಹೊಸ ಸರ್ಕಾರ ಒಪ್ಪಂದಕ್ಕೆ ಸಹಿ ಬಿದ್ದ ದಿನವನ್ನು ರಾಷ್ಟ್ರೀಯ ಏಕತೆಯ ದಿನ ಮಾಡಿತು, ಗಡಿಯಾಚೆಯವರಿಗೆ ಸುಲಭವಾಗಿ ಪೌರತ್ವ ಕೊಟ್ಟಿತು. 2014ರಲ್ಲಿ ಅವರು ಅಂಚೆಯಲ್ಲಿ ಕಳಿಸಿದ ಮತಗಳ ಪೈಕಿ ಸುಮಾರು ಶೇ. 95 ಬಿದ್ದದ್ದು ಒರ್ಬಾನ್ ಪಕ್ಷಕ್ಕೆ.

ಸರ್ಬಿಯಾದಲ್ಲೂ ಆದದ್ದು ಇದೇ. 1989ರ ಜೂನ್ 28ರಂದು, 600 ವರ್ಷ ಹಿಂದೆ ಸರ್ಬರು ಒಟ್ಟೊಮನ್ ತುರ್ಕರ ಎದುರು ಕಾದಾಡಿದ, ಸರ್ಬರ ನೆನಪಿನಲ್ಲಿ ದೊಡ್ಡ ಸೋಲಾಗಿ ಉಳಿದ ಕೊಸೊವೊ ಯುದ್ಧದ ನೆನಪಿಗೆ ಸರ್ಬಿಯಾದ ನಾಯಕ ಮಿಲೊಶೆವಿಚ್ ದೊಡ್ಡ ಸಭೆ ಮಾಡಿದರು. ಆ ಮಾರ್ಚ್‌ನಲ್ಲೇ ಅವರು ಅಲ್ಬೇನಿಯನ್ನರೇ ಹೆಚ್ಚಿದ್ದ ಕೊಸೊವೊ ಪ್ರಾಂತ್ಯದ ಸ್ವಾಯತ್ತತೆ ಕಿತ್ತುಕೊಂಡಿದ್ದರು. ಬೀದಿಗಿಳಿದ ಅಲ್ಬೇನಿಯನ್ನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಆ ಸತ್ತವರಿಗೆ ಸಭೆಯಲ್ಲಿ ಜಾಗ ಇರಲಿಲ್ಲ.

ಸಮಯವಾಯಿತು. ನಮಸ್ಕಾರ.