ಫ್ಲೈಓವರ್ ಹತ್ತೋವಾಗ ಮಾತ್ರ ಮಿಸ್ಸಿಂಗ್ ಹೊಡಿಯೋ ಹಳೇ ಕಾರು

ನಮಸ್ಕಾರ ಎಲ್ರಿಗೂ. ಈಗ ಕೇಳ್ತಿರೋದು ನಮ್ಮ 2011 ಮಾಡೆಲ್ ಪೆಟ್ರೋಲ್ ಕಾರಿನ ಸೌಂಡು, ಐಡಲಿಂಗಲ್ಲಿ ನೋಡಿ ಎಷ್ಟು ಸ್ಮೂತಾಗಿದೆ, ಆದ್ರೆ ಹೆಬ್ಬಾಳ ಫ್ಲೈಓವರ್ ಹತ್ತೋವಾಗ ಥರ್ಡ್ ಗೇರಲ್ಲಿ ಸ್ವಲ್ಪ ಜಾಸ್ತಿ ಆಕ್ಸಿಲರೇಟರ್ ಕೊಟ್ರೆ ಸಾಕು, ಜರ್ಕ್ ಹೊಡಿಯತ್ತೆ, ಪಿಕಪ್ಪೇ ಇಲ್ಲ, ಚೆಕ್ ಎಂಜಿನ್ ಲೈಟ್ ಮಿಣುಕೋಕೆ ಶುರು.

ಆ ಲೈಟ್ ಸುಮ್ನೆ ಉರೀತಿದ್ರೆ ಬೇರೆ ವಿಷ್ಯ, ಮಿಣುಕ್ತಿದ್ರೆ ದಯವಿಟ್ಟು ಕಾಲು ತೆಗೀರಿ. ಮಿಸ್ಸಿಂಗ್ ಅಂದ್ರೆ ಯಾವ್ದೋ ಸಿಲಿಂಡರಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ ಅಂತ, ಆ ಸುಡದೇ ಇರೋ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗ್ತಿದೆ, ಅಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನ ಕರಗಿಸಿಬಿಡತ್ತೆ, ಅದರ ರೇಟ್ ಮುಂದೆ ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡೋ ಪಾರ್ಟು) ರೇಟ್ ಏನೂ ಅಲ್ಲ.

ಗ್ಯಾರೇಜಲ್ಲಿ ಕೇಳಿದ್ರೆ ಪೆಟ್ರೋಲ್ ಸಿಂಪಡಿಸೋ ಇಂಜೆಕ್ಟರ್ ಕ್ಲೀನ್ ಮಾಡ್ಸಿ, ಫ್ಯೂಯೆಲ್ ಪಂಪ್ ಹಾಕ್ಸಿ ಅಂತಾರೆ. ಒಂದೊಂದೇ ಪಾರ್ಟ್ ಬದಲಾಯಿಸ್ತಾ ಹೋಗೋದು ನಂಗೆ ಇಷ್ಟ ಇಲ್ಲ, ಮೊದ್ಲು ಯಾವ ಸಿಲಿಂಡರ್ ಅಂತ ಗೊತ್ತಾಗ್ಬೇಕು. ಕಾರಿನ ಕಂಪ್ಯೂಟರಲ್ಲಿರೋ ಫಾಲ್ಟ್ ಕೋಡ್ ಓದೋ ಓಬಿಡಿ ಸ್ಕ್ಯಾನರ್ ಹಾಕ್ದೆ, ಪಿ0302 ಅನ್ನೋ ಮಿಸ್ಸಿಂಗ್ ಕೋಡ್ ಬಂತು. ಕೊನೇ ಅಂಕಿನೇ ಸಿಲಿಂಡರ್ ನಂಬರ್, ಅಂದ್ರೆ ಎರಡನೇದು. ಪಿ0300 ಬಂದಿದ್ರೆ ಒಂದೇ ಸಿಲಿಂಡರ್ ಅಂತ ಹೇಳಕ್ಕಾಗಲ್ಲ, ಆಗ ವ್ಯಾಕ್ಯೂಮ್ ಲೀಕು, ಫ್ಯೂಯೆಲ್ ಪ್ರೆಶರು, ಇಂಥದ್ದನ್ನ ಮೊದ್ಲು ನೋಡ್ಬೇಕಿತ್ತು.

ಈಗ ಇದು ನಂಗೆ ತುಂಬಾ ಇಷ್ಟದ ಟೆಸ್ಟು, ಒಂದು ರೂಪಾಯಿ ಖರ್ಚಿಲ್ಲ. ಎಂಜಿನ್ ಪೂರ್ತಿ ತಣ್ಣಗಾದ್ಮೇಲೆ ಎರಡನೇ ಸಿಲಿಂಡರ್ ಕಾಯಿಲ್ ತೆಗ್ದು ನಾಲ್ಕಕ್ಕೆ, ನಾಲ್ಕರದ್ದು ಎರಡಕ್ಕೆ. ಹಾಗೇ ಎರಡರ ಪ್ಲಗ್ ಮೂರಕ್ಕೆ, ಮೂರರದ್ದು ಎರಡಕ್ಕೆ. ಕೋಡ್ ಕ್ಲಿಯರ್ ಮಾಡಿ ಮತ್ತೆ ಅದೇ ಏರು ಹತ್ತಿಸಿ. ಪಿ0303 ಬಂದ್ರೆ ಪ್ಲಗ್, ಪಿ0304 ಬಂದ್ರೆ ಕಾಯಿಲ್, ಪಿ0302 ಅಲ್ಲೇ ಕೂತಿದ್ರೆ ಇಂಜೆಕ್ಟರ್ ನೋಡಿ, ಕಂಪ್ರೆಷನ್ ಟೆಸ್ಟ್ ಮಾಡ್ಸಿ.

ನಮಗೆ ಬಂದಿದ್ದು ಪಿ0304. ಕಾಯಿಲ್!

ಏರಲ್ಲಿ ಮಾತ್ರ ಯಾಕೆ ಅಂದ್ರೆ, ಲೋಡ್ ಬಿದ್ದಾಗ ಸಿಲಿಂಡರ್ ಒಳಗೆ ಪ್ರೆಶರ್ ಏರತ್ತೆ, ಆ ಪ್ರೆಶರಲ್ಲಿ ಸ್ಪಾರ್ಕ್ ಪ್ಲಗ್ ಗ್ಯಾಪ್ ದಾಟೋಕೆ ಜಾಸ್ತಿ ವೋಲ್ಟೇಜ್ ಬೇಕು, ಕಾಯಿಲಿಂದ ಬರೋ ಕರೆಂಟ್ ಅಷ್ಟು ಕಷ್ಟಪಡೋ ಬದ್ಲು ಪಕ್ಕದಲ್ಲಿ ಎಲ್ಲಾದ್ರೂ ಸುಲಭದ ದಾರಿ ಸಿಕ್ರೆ ಆ ಕಡೆ ಹೋಗ್ಬಿಡತ್ತೆ. ಆ ದಾರಿ ಇಲ್ಲಿ ನೋಡಿ, ಟಾರ್ಚ್ ಬಿಡ್ತೀನಿ, ಪ್ಲಗ್ ಕೂರೋ ಗುಂಡಿ ತುಂಬಾ ಎಂಜಿನ್ ಆಯಿಲ್! ಕಾಯಿಲ್ ಕೆಳಗಿನ ರಬ್ಬರ್ ಬೂಟ್ ಆಯಿಲಲ್ಲಿ ನೆಂದು ಊದ್ಕೊಂಡಿದೆ, ಅದರ ಮೇಲೆ ಕೂದಲೆಳೆ ಥರ ಕಪ್ಪು ಗೆರೆ ಕಾಣ್ತಿದೆಯಲ್ಲ, ಸ್ಪಾರ್ಕ್ ಅಲ್ಲಿಂದ್ಲೇ ಲೀಕ್ ಆಗ್ತಿದ್ದಿದ್ದು.

ಹಾಗಾಗಿ ಹೊಸ ಕಾಯಿಲ್ ಒಂದೇ ಹಾಕಿ ಬಿಟ್ರೆ ಅದೂ ಇದೇ ಆಯಿಲಲ್ಲಿ ಕೂತು ಹಾಳಾಗತ್ತೆ. ಆಯಿಲ್ ಬರ್ತಿರೋದು ಎಂಜಿನ್ ಮೇಲಿನ ಮುಚ್ಚಳ, ಅಂದ್ರೆ ವಾಲ್ವ್ ಕವರ್ ಒಳಗಿರೋ ಪ್ಲಗ್ ಟ್ಯೂಬ್ ಸೀಲಿಂದ, ವರ್ಷಗಟ್ಟಲೆ ಬಿಸಿ ತಿಂದು ಆ ರಬ್ಬರ್ ಪ್ಲಾಸ್ಟಿಕ್ ಥರ ಗಟ್ಟಿಯಾಗಿದೆ. ಬೆಂಗಳೂರಲ್ಲಿ ಕಾರ್ ಸ್ಪೇರ್ ಪಾರ್ಟ್ಸ್ ಸಿಗೋ ಜೆಸಿ ರೋಡಿಗೆ ಹೋಗಿ ಸೀಲ್ ಸೆಟ್ಟು, ವಾಲ್ವ್ ಕವರ್ ಗ್ಯಾಸ್ಕೆಟ್ಟು, ಕಾಯಿಲ್, ನಾಲ್ಕು ಪ್ಲಗ್ ಎಲ್ಲ ತಂದ್ವಿ, ಹಳೇ ಸೀಲ್ ಕೈಯಲ್ಲೇ ತಗೊಂಡು ಹೋಗಿ, ಸೈಜ್ ಹೊಂದಿಸಿ ತರೋದು ಒಳ್ಳೇದು. ಗುಂಡಿಯಲ್ಲಿರೋ ಆಯಿಲ್ ಪ್ಲಗ್ ಬಿಚ್ಚೋಕೆ ಮುಂಚೆನೇ ಬಟ್ಟೆ ಹಾಕಿ ಹೀರಿಸ್ಬೇಕು, ಇಲ್ಲಾಂದ್ರೆ ಅಷ್ಟೂ ಸಿಲಿಂಡರ್ ಒಳಗೆ ಇಳಿಯತ್ತೆ.

ಎಲ್ಲ ಫಿಟ್ ಆದ್ಮೇಲೆ ಕನ್ವರ್ಟರ್ ಬ್ಲಾಕ್ ಆಗಿದ್ಯಾ ಅಂತಾನೂ ನೋಡ್ಸಿದೆ. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕೋದು, 2500 ಆರ್‌ಪಿಎಮ್ಮಲ್ಲಿ ಸುಮಾರು 3 ಪಿಎಸ್‌ಐ ದಾಟಿದ್ರೆ ಬ್ಲಾಕ್ ಅಂತ ಲೆಕ್ಕ. ನಮ್ಮದು 1ರ ಹತ್ರಾನೇ ನಿಂತಿತ್ತು, ಉಳ್ಕೊಂಡಿದೆ.