ಜೋರು ಮಳೆ, ಜೋರು ಜ್ವರ, ಜೋರು ಗಾಳಿ: ಇಂಗ್ಲಿಷಿನಲ್ಲಿ ಮೂರಕ್ಕೂ ಮೂರು ಪದ

(ತೆರೆಯ ಮೇಲೆ: ಗೆರೆ ಹಾಕಿದ ಹಾಳೆಯಲ್ಲಿ ಕೈಬರಹದ ರಜಾ ಅರ್ಜಿ. ಒಂದು ಪದದ ಸುತ್ತ ಕೆಂಪು ಶಾಯಿಯ ವೃತ್ತ.)

ನಮಸ್ಕಾರ. ಈ ರಜಾ ಅರ್ಜಿ ನನ್ನ ಅಕ್ಕನ ಮಗಳದ್ದು. ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಎರಡು ದಿನ ಜ್ವರದಲ್ಲಿ ಮಲಗಿದ್ದವಳು ಎದ್ದ ಮೇಲೆ ತಾನೇ ಕೂತು ಬರೆದಿದ್ದಾಳೆ: 'ಐ ಹ್ಯಾಡ್ ಎ ಹೆವಿ ಫೀವರ್.' ವ್ಯಾಕರಣ ಸರಿ ಇದೆ, ಸ್ಪೆಲ್ಲಿಂಗೂ ಸರಿ ಇದೆ. ಆದರೂ ಮೇಷ್ಟ್ರು 'ಹೆವಿ'ಗೆ ಸುತ್ತು ಹಾಕಿ ಪಕ್ಕದಲ್ಲಿ 'ಹೈ' ಅಂತ ಬರೆದಿದ್ದಾರೆ.

"ಮಾಮ, ಹೆವಿ ರೈನ್ ಅನ್ನಬಹುದು, ಹೆವಿ ಫೀವರ್ ಯಾಕೆ ಅನ್ನಬಾರದು?" ಅಂತ ಕೇಳಿದಳು. ಒಳ್ಳೇ ಪ್ರಶ್ನೆ. ಆ ಪ್ರಶ್ನೆಗೋಸ್ಕರವೇ ಈ ವಿಡಿಯೋ.

ಕನ್ನಡದಲ್ಲಿ ನಾವು ಏನಂತೀವಿ ನೋಡಿ. ಮಳೆ ಜೋರು. ಜ್ವರ ಜೋರು. ಗಾಳಿ ಜೋರು. ದನಿ ಜೋರು. ಗಾಡಿ ಓಡಿಸೋದೂ ಜೋರು. ಒಂದೇ ಪದ ಐದು ಕಡೆ ದುಡಿಯುತ್ತೆ. ಇಂಗ್ಲಿಷಿನಲ್ಲಿ ಒಂದೊಂದು ಕಡೆಗೂ ಬೇರೆ ಬೇರೆ ಪದ.

(ತೆರೆಯ ಮೇಲೆ ಒಂದೊಂದಾಗಿ: ಹೆವಿ ರೈನ್. ಹೈ ಫೀವರ್. ಸ್ಟ್ರಾಂಗ್ ವಿಂಡ್. ಲೌಡ್ ವಾಯ್ಸ್. ಫಾಸ್ಟ್ ಡ್ರೈವಿಂಗ್.)

ಇದು ಇಂಗ್ಲಿಷಿನವರ ಹಟ ಅಂದ್ಕೋಬೇಡಿ. ನಮ್ಮಲ್ಲೂ ಹೀಗೇ ಇದೆ. ಕಡು ಬಡತನ ಅಂತೀವಿ, ಗಾಢ ನಿದ್ದೆ ಅಂತೀವಿ. ಅದನ್ನೇ ಅದಲು ಬದಲು ಮಾಡಿ 'ಗಾಢ ಬಡತನ', 'ಕಡು ನಿದ್ದೆ' ಅಂದರೆ ಅರ್ಥ ಆಗುತ್ತೆ, ಆದರೆ ಕಿವಿ ಒಪ್ಪಲ್ಲ. ತುಂಬು ಗರ್ಭಿಣಿಯನ್ನ 'ಪೂರ್ತಿ ಗರ್ಭಿಣಿ' ಅಂದರೆ ಮನೆ ಮಂದಿಯೆಲ್ಲ ತಿರುಗಿ ನೋಡ್ತಾರೆ. ಇಂಥ ಜೋಡಿಗೆ ಭಾಷಾವಿಜ್ಞಾನದಲ್ಲಿ ಕೊಲೊಕೇಶನ್ ಅನ್ನೋ ಹೆಸರಿದೆ. ಅದನ್ನ ಚರ್ಚೆಗೆ ತಂದವರಲ್ಲಿ ಮುಖ್ಯರು ಬ್ರಿಟಿಷ್ ವಿದ್ವಾಂಸ ಜೆ. ಆರ್. ಫರ್ತ್. ಚಿಕ್ಕ ವಯಸ್ಸಿನಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದವರು. ಪದ ಯಾರ ಜೊತೆ ಓಡಾಡುತ್ತೋ ಅದರಿಂದಲೇ ಅದನ್ನ ಗುರುತಿಸಬೇಕು ಅನ್ನೋ ಮಾತನ್ನ 1957ರಲ್ಲಿ ಬರೆದರು.

ಈಗ ನಮ್ಮವರು ಅತಿ ಹೆಚ್ಚು ಎಡವೋ ಜಾಗಕ್ಕೆ ಬರೋಣ: ಎತ್ತರ.

(ತೆರೆಯ ಮೇಲೆ: ಶ್ರವಣಬೆಳಗೊಳದ ಬೆಟ್ಟ, ಮೇಲೆ ಗೊಮ್ಮಟ.)

ಬೆಟ್ಟ ಎತ್ತರ, ಗೊಮ್ಮಟನೂ ಎತ್ತರ. ಇಂಗ್ಲಿಷಿನಲ್ಲಿ ಬೆಟ್ಟ 'ಹೈ', ಗೊಮ್ಮಟ 'ಟಾಲ್'. ಗೊಮ್ಮಟ ಸುಮಾರು 57 ಅಡಿ. ಪಾದದಿಂದ ತಲೆಯವರೆಗೆ, ಆ ಮೂರ್ತಿಯದೇ ನೀಳ ಅದು. ಹಾಗೆ ಅಗಲ ಕಮ್ಮಿ, ಉದ್ದ ಜಾಸ್ತಿ ಇರೋದಕ್ಕೆ ಟಾಲ್: ಮನುಷ್ಯ, ತೆಂಗಿನ ಮರ, ಕಟ್ಟಡ, ಚಿಮಣಿ, ಉದ್ದನೆಯ ಗ್ಲಾಸು. ನೆಲದಿಂದ ಎಷ್ಟು ಮೇಲಿದೆ ಅನ್ನೋದು ಮುಖ್ಯವಾದರೆ ಹೈ: ಮೋಡ, ಸೀಲಿಂಗು, ಅಟ್ಟದ ಶೆಲ್ಫು. ಬೆಟ್ಟ, ಗೋಡೆ ಕೂಡ ಹೈ.

ಕಿಟಕಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತೆ. 'ಟಾಲ್ ವಿಂಡೋ' ಅಂದರೆ ನೆಲದಿಂದ ಮಾಡಿನ ತನಕ ಉದ್ದಕ್ಕಿರೋ ಕಿಟಕಿ. 'ಹೈ ವಿಂಡೋ' ಅಂದರೆ ಗೋಡೆಯಲ್ಲಿ ಮೇಲೆಲ್ಲೋ ಇರೋದು, ಅಂಗೈ ಅಗಲದ್ದೂ ಆಗಿರಬಹುದು. ಪುಟ್ಟ ಮಗು ಸ್ಟೂಲ್ ಹತ್ತಿ ನಿಂತರೆ ಟಾಲ್ ಆಗಲ್ಲ, ಮೇಲಕ್ಕೆ ಹೋಗುತ್ತೆ ಅಷ್ಟೆ.

ಒಂದು ಎಚ್ಚರಿಕೆ. ಮನುಷ್ಯರಿಗೆ ಹೈ ಹಚ್ಚಬೇಡಿ. 'ಮೈ ಬ್ರದರ್ ಈಸ್ ಹೈ' ಅಂದರೆ ಅಣ್ಣ ನಶೆಯಲ್ಲಿದ್ದಾನೆ ಅಂತ ಆಗುತ್ತೆ. 'ಹಿ ಈಸ್ ಸಿಕ್ಸ್ ಫೀಟ್ ಟಾಲ್' ಅನ್ನಿ.

ಈ ಎರಡು ಪದದ ವ್ಯತ್ಯಾಸವನ್ನ ಹವಾಯಿ ದ್ವೀಪದ ಒಂದು ಬೆಟ್ಟದಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸಲ್ಲ. ಮೌನಾ ಕೆಯಾ ಅಂತ ಅದರ ಹೆಸರು. ಸಮುದ್ರಮಟ್ಟದಿಂದ 4,207 ಮೀಟರ್, ಎವರೆಸ್ಟಿನ ಅರ್ಧವೂ ಇಲ್ಲ. ಆದರೆ ಅದರ ಬುಡ ಇರೋದು ಸಮುದ್ರದ ತಳದಲ್ಲಿ. ಅಲ್ಲಿಂದ ಅಳೆದರೆ 10,000 ಮೀಟರ್ ದಾಟುತ್ತೆ. ಹಾಗಾಗಿ 8,849 ಮೀಟರಿನ ಎವರೆಸ್ಟಿಗೆ 'ಹೈಯೆಸ್ಟ್' ಅಂತಾರೆ, ಮೌನಾ ಕೆಯಾಗೆ 'ಟಾಲೆಸ್ಟ್' ಅಂತಾರೆ. ಎರಡೂ ಸರಿ, ಜಗಳವೇ ಇಲ್ಲ. ಕನ್ನಡದಲ್ಲಿ ಇದನ್ನ ಹೇಳೋಕೆ ನನಗೆ ಇಷ್ಟು ವಾಕ್ಯ ಬೇಕಾಯ್ತು.

(ತೆರೆಯ ಮೇಲೆ: ಥರ್ಮಾಮೀಟರ್.)

ಮತ್ತೆ ಜ್ವರಕ್ಕೆ ಬರ್ತೀನಿ. ಜ್ವರ ಯಾಕೆ ಹೈ? ಹೀಗೆ ನೆನಪಿಟ್ಟುಕೊಳ್ಳಿ: ಥರ್ಮಾಮೀಟರಿನಲ್ಲಿ ಪಾದರಸ ಮೇಲಕ್ಕೆ ಹತ್ತುತ್ತಲ್ಲ, ಹಾಗೆ ಅಳತೆಯ ಮೇಲೆ ಹತ್ತಿ ಇಳಿಯೋದಕ್ಕೆಲ್ಲ ಹೈ, ಲೋ. ಬಿ.ಪಿ., ಟೆಂಪರೇಚರ್, ಸ್ಪೀಡ್, ಪರ್ಸೆಂಟೇಜ್, ಪ್ರೈಸ್. 'ಪ್ರೈಸ್ ಈಸ್ ಕಾಸ್ಟ್ಲಿ' ಅಂತ ನಮ್ಮ ಕಡೆ ದಿನಾ ಕೇಳ್ತೀವಿ. ಸೀರೆ ಕಾಸ್ಟ್ಲಿ, ಅದರ ಪ್ರೈಸ್ ಹೈ. ದುಡ್ಡು ಕೊಟ್ಟು ತಗೊಳ್ಳೋದು ಸೀರೆಯನ್ನ, ಬೆಲೆಯನ್ನಲ್ಲ.

ಮಳೆ ಮಾತ್ರ ಹೆವಿ. ನ್ಯೂಸಿನಲ್ಲಿ 'ಭಾರಿ ಮಳೆ' ಅಂತಾರಲ್ಲ, ಅದನ್ನ ಹಿಡ್ಕೊಳ್ಳಿ, ಮರೆಯಲ್ಲ. ಹವಾಮಾನ ಇಲಾಖೆ ಇದಕ್ಕೆ ಅಳತೆಯನ್ನೂ ಇಟ್ಟಿದೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಹೆವಿ, 115.6 ಮುಟ್ಟಿದರೆ ವೆರಿ ಹೆವಿ, 204.5 ಆದರೆ ಎಕ್ಸ್‌ಟ್ರೀಮ್ಲಿ ಹೆವಿ. ಟ್ರಾಫಿಕ್ಕು, ನಷ್ಟ ಇವಕ್ಕೂ ಹೆವಿಯೇ.

'ತುಂಬಾ' ಅನ್ನೋದರ ಬಗ್ಗೆಯೂ ಒಂದು ಮಾತು ಹೇಳಿಬಿಡ್ತೀನಿ. ಎಣಿಸೋಕಾಗದ ನೀರು, ಹಾಲು, ದುಡ್ಡಿಗೆ 'ಲಾರ್ಜ್ ಅಮೌಂಟ್'. ಎಣಿಸಬಹುದಾದ ಜನ, ಪುಸ್ತಕ, ಬಸ್ಸಿಗೆ 'ಲಾರ್ಜ್ ನಂಬರ್'. 'ಅಮೌಂಟ್ ಆಫ್ ಪೀಪಲ್' ಅಂತ ಬರೆಯಬೇಡಿ.

ಇನ್ನು ರ‍್ಯಾಂಕು. ಸಿಇಟಿ ರಿಸಲ್ಟ್ ಬಂದ ದಿನ ಫೋನಿನಲ್ಲಿ ನಡೆಯೋ ಮಾತು ಕೇಳಿದ್ದೀರಾ?

"ರ‍್ಯಾಂಕ್ ಎಷ್ಟಮ್ಮ?"
"ಜಾಸ್ತಿ ಬಂದುಬಿಡ್ತು ಚಿಕ್ಕಪ್ಪ."
"ಜಾಸ್ತಿ ಬಂದರೆ ಒಳ್ಳೇದೇ ಅಲ್ವಾ?"

ಅಲ್ಲ ಚಿಕ್ಕಪ್ಪ, ಪಾಪ ಅವಳು ಅಳೋ ಹಾಗಿದ್ದಾಳೆ! ಅವಳು ಹೇಳಿದ್ದು ಸಂಖ್ಯೆ ಜಾಸ್ತಿ ಅಂತ. ಇಂಗ್ಲಿಷಿನಲ್ಲಿ 'ಹೈ ರ‍್ಯಾಂಕ್' ಅಂದರೆ ಸಾಮಾನ್ಯವಾಗಿ 1ರ ಹತ್ತಿರ, ಮೇಲಿನ ಸ್ಥಾನ. ಇಂಟರ್‌ವ್ಯೂನಲ್ಲಿ ಈ ಗೊಂದಲ ಬೇಡ ಅಂದರೆ ಹೈ, ಲೋ ಎರಡನ್ನೂ ಬಿಟ್ಟು 'ಮೈ ರ‍್ಯಾಂಕ್ ಇಂಪ್ರೂವ್ಡ್ ಫ್ರಮ್ 12,000 ಟು 8,000' ಅಂತ ಸಂಖ್ಯೆ ಹೇಳಿಬಿಡಿ.

ಅಧಿಕಾರದ ವಿಷಯದಲ್ಲಿ ನಮಗೆ 'ದೊಡ್ಡ' ಅಡ್ಡ ಬರುತ್ತೆ. ದೊಡ್ಡ ಮನೆ, ದೊಡ್ಡಕ್ಕ, ದೊಡ್ಡ ಆಫೀಸರ್. ಗಾತ್ರ, ವಯಸ್ಸು, ಹುದ್ದೆ ಮೂರಕ್ಕೂ ನಮಗೆ ಅದೊಂದೇ ಸಾಕು. ಇಂಗ್ಲಿಷಿನಲ್ಲಿ 'ಬಿಗ್ ಹೌಸ್', 'ಎಲ್ಡರ್ ಸಿಸ್ಟರ್', 'ಸೀನಿಯರ್ ಆಫೀಸರ್'. ಇನ್ನೂ ಮೇಲಿನವರಾದರೆ 'ಹೈ ರ‍್ಯಾಂಕಿಂಗ್ ಆಫೀಸರ್'. ಸೀನಿಯರ್ ಜೊತೆಗೆ 'ದ್ಯಾನ್' ಬರಲ್ಲ, 'ಶಿ ಈಸ್ ಸೀನಿಯರ್ ಟು ಮಿ' ಅನ್ನಬೇಕು. ಸ್ಥಾನ ಹೇಳುವಾಗ ಇನ್ನೊಂದು ಎಡವಟ್ಟು: 'ಎರಡನೇ ಎತ್ತರದ ಶಿಖರ' ಅನ್ನೋದು 'ಸೆಕೆಂಡ್ ಹೈ ಪೀಕ್' ಅಲ್ಲ. 8,611 ಮೀಟರಿನ ಕೆ2 'ಸೆಕೆಂಡ್ ಹೈಯೆಸ್ಟ್ ಪೀಕ್'.

(ತೆರೆಯ ಮೇಲೆ: ನೋಟ್‌ಬುಕ್ಕಿನ ಕೊನೆಯ ಪುಟ.)

ಅಕ್ಕನ ಮಗಳು ಈಗ ಹೊಸ ಪದವನ್ನ ಒಂಟಿಯಾಗಿ ಬರ್ಕೊಳ್ಳಲ್ಲ. ಪುಟದ ನಡುವೆ 'ಫೀವರ್', ಎಡಕ್ಕೆ 'ಹೈ'. ನಡುವೆ 'ರೈನ್', ಎಡಕ್ಕೆ 'ಹೆವಿ'. ನಿನ್ನೆ 'ಕಾಫಿ' ಬರೆದು ಎಡಗಡೆ ಖಾಲಿ ಬಿಟ್ಟಿದ್ದಳು. ಅವಳಜ್ಜಿ ಅಡುಗೆಮನೆಯಿಂದಲೇ ಕೂಗಿದರು: "ಸ್ಟ್ರಾಂಗ್ ಅಂತ ಬರಿಯೇ, ನಾನು ದಿನಾ ಕುಡಿಯೋದೇ ಅದು!"