ಕೋಳಿ ಬಟ್ಟಲಿನ ನೀಲಿ ಗೆರೆ

ನಮಸ್ಕಾರ. ಇವತ್ತು ಒಂದು ಪುಟ್ಟ ಪಿಂಗಾಣಿ ಬಟ್ಟಲಿನ ಬಗ್ಗೆ ಮಾತಾಡೋಣ. ಬಾಯಿ ಅಗಲ ಬರೀ 8 ಸೆಂಟಿಮೀಟರ್ ಚಿಲ್ಲರೆ. ಹೊರಮೈ ಮೇಲೆ ಹುಂಜ, ಹೇಂಟೆ, ಮರಿಗಳು. ಚೀನಾದ ಮಿಂಗ್ ದೊರೆ ಚೆಂಗ್‌ಹುವಾ ಕಾಲದ್ದು, ಅಂದರೆ 1465ರಿಂದ 1487ರ ನಡುವಿನದು. 2014ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಇಂಥದೊಂದು ಬಟ್ಟಲು 28 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹರಾಜಾಯಿತು. ಕೊಂಡವರು ಅದರಲ್ಲಿ ಚಹಾ ಕುಡಿದರು. ಆ ಫೋಟೋ ಎಲ್ಲ ಕಡೆ ಓಡಾಡಿತು.

ಬೆಲೆ ಮತ್ತು ಚಹಾ, ಇಷ್ಟೇ ಸುದ್ದಿ. ನನಗೆ ಬೇಜಾರಾಗಿದ್ದು ಅದಕ್ಕೇ. ಬಟ್ಟಲಿನ ಆ ಚಿತ್ರಗಳ ಸುತ್ತ ಇರುವ ನೀಲಿ ಗೆರೆಯನ್ನು ಎಷ್ಟು ಜನ ನೋಡಿದರು?

ಈ ಕೆಲಸ ನಡೆದದ್ದು ಜಿಂಗ್‌ದೆಜೆನ್ ಊರಲ್ಲಿ. ಮೊದಲು, ಸುಡದ ಒಣ ಬಟ್ಟಲಿನ ಮೇಲೆ ಕೋಬಾಲ್ಟ್ ಬಣ್ಣದಲ್ಲಿ ಗೆರೆ ಎಳೆಯುತ್ತಾರೆ. ಒಣ ಮಣ್ಣು ನೀರನ್ನು ತಟ್ಟನೆ ಹೀರಿಕೊಳ್ಳುತ್ತದೆ. ಕುಂಚ ಒಂದು ಕ್ಷಣ ನಿಂತರೂ ಅಲ್ಲೊಂದು ಮಚ್ಚೆ. ರಂಗೋಲಿ ಗೆರೆ ಸೊಟ್ಟಗಾದರೆ ಬೆರಳಲ್ಲಿ ಒರೆಸಬಹುದು, ಇಲ್ಲಿ ಅದಾಗಲ್ಲ. ಇನ್ನೊಂದು ವಿಷಯ. ಆಗ ಆ ಗೆರೆ ನೀಲಿಯಾಗಿ ಕಾಣುವುದೇ ಇಲ್ಲ, ಮಂಕು ಕಪ್ಪಾಗಿರುತ್ತದೆ. ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಬಳಿದು ಸುಮಾರು 1300 ಡಿಗ್ರಿಯಲ್ಲಿ ಸುಟ್ಟ ಮೇಲೆಯೇ ನೀಲಿ.

ಕೆಂಪು, ಹಸಿರು, ಹಳದಿ ಅಷ್ಟು ಶಾಖ ತಡೆಯುವುದಿಲ್ಲ. ಅದಕ್ಕೇ ಅವನ್ನು ಗ್ಲೇಜಿನ ಮೇಲೆ, ನೀಲಿ ಗೆರೆಯ ಒಳಗೆ ತುಂಬಿ, ಸುಮಾರು 800 ಡಿಗ್ರಿಯಲ್ಲಿ ಇನ್ನೊಮ್ಮೆ ಸುಡುತ್ತಾರೆ. ಈ ಕ್ರಮಕ್ಕೆ ದೌತ್ಸಾಯ್ ಅಂತ ಹೆಸರು. ನೀಲಿ ಗ್ಲೇಜಿನ ಕೆಳಗೆ, ಉಳಿದ ಬಣ್ಣ ಮೇಲೆ. ಎರಡೂ ಒಂದಕ್ಕೊಂದು ಕೂಡಬೇಕು.

1712ರಲ್ಲಿ ಅಲ್ಲಿದ್ದ ಫ್ರೆಂಚ್ ಪಾದ್ರಿ ದಾಂತ್ರಕೋಲ್ ಒಂದು ಪತ್ರ ಬರೆದರು. ಒಬ್ಬ ಅಂಚಿನ ಗೆರೆಯನ್ನಷ್ಟೇ ಎಳೆಯುತ್ತಾನೆ, ಇನ್ನೊಬ್ಬ ಹೂವಿನ ಗೆರೆ ಬರೆಯುತ್ತಾನೆ, ಮತ್ತೊಬ್ಬ ಬಣ್ಣ ತುಂಬುತ್ತಾನೆ. ಒಂದು ಪಾತ್ರೆ 70 ಜನರ ಕೈ ದಾಟುತ್ತದಂತೆ. ಆದರೆ ಕೋಳಿ ಬಟ್ಟಲಿನ ತಳದಲ್ಲಿ ಇರುವುದು ಆರೇ ಚೀನೀ ಅಕ್ಷರ: 'ಮಹಾ ಮಿಂಗ್, ಚೆಂಗ್‌ಹುವಾ ಕಾಲದಲ್ಲಿ ಮಾಡಿದ್ದು'. ಗೆರೆ ಎಳೆದವರ ಹೆಸರಿಲ್ಲ.

ಅರಮನೆಗೆ ಒಪ್ಪಿಗೆಯಾಗದ ಪಾತ್ರೆಗಳನ್ನು ಭಟ್ಟಿಯ ಹತ್ತಿರವೇ ಒಡೆದು ಹೂಳುತ್ತಿದ್ದರು. ಆ ಚೂರುಗಳು ಅಗೆದಾಗ ರಾಶಿರಾಶಿ ಸಿಕ್ಕಿವೆ. ಮ್ಯೂಸಿಯಂಗಳು ಇಡೀ ಬಟ್ಟಲಿನ ಪಕ್ಕದಲ್ಲೇ ಅಂಥ ಒಂದು ಚೂರನ್ನೂ ಇಡಬೇಕು ಅನ್ನುವುದು ನನ್ನ ಆಸೆ. ಬಣ್ಣ ತುಂಬುವ ಮೊದಲೇ ಒಡೆದದ್ದು, ಬರೀ ನೀಲಿ ಗೆರೆಯ ಹುಂಜ ಇರುವಂಥದ್ದು.